ನೋಟದ ಲೆಕ್ಕ

ಕಣ್ಣು ತೆರೆದರೆ ಕಾಣುತ್ತದೆ. ಇದರಲ್ಲಿ ಲೆಕ್ಕದ ಮಾತೇನು ಎಂದು ನೀವು ಕೇಳಬಹುದು. ಕನ್ನಡ ಪಾಠ ಹೇಳುವವನಿಗೆ ಇದರ ಗೊಡವೆ ಏಕೆ ಎಂದೂ ಕೇಳಬಹುದು. ಆದರೆ ಚೌಕುಳಿ ಮಣೆಯ ಮೇಲೆ ಆಡುವ ಆಟಗಳಲ್ಲಿ ಕಾಯಿಗಳಿಗೆ ಕಣ್ಣಿಲ್ಲ. ಯಾವ ಮನೆಯಲ್ಲಿ ನಿಂತರೆ ಯಾವ ಮನೆ ಕಾಣುತ್ತದೆ ಎಂಬುದನ್ನು ಯಾರಾದರೂ ಕುಳಿತು ತೀರ್ಮಾನಿಸಬೇಕು. ತೀರ್ಮಾನ ಎಂದಮೇಲೆ ನ್ಯಾಯ ಅನ್ಯಾಯದ ಪ್ರಶ್ನೆ ಬಂದೇ ಬರುತ್ತದೆ. ಆಗ ಅದು ನನ್ನಂಥವನ ಗೊಡವೆಯೂ ಆಗುತ್ತದೆ.

ಚದುರಂಗ ಈ ಪೇಚಿನಿಂದ ಜಾಣತನದಿಂದ ತಪ್ಪಿಸಿಕೊಂಡಿದೆ. ಆನೆಗೆ ನೇರ, ಒಂಟೆಗೆ ಓರೆ, ಮಂತ್ರಿಗೆ ಎರಡೂ. ಒಟ್ಟು ಎಂಟು ದಿಕ್ಕು. ಈ ಎಂಟು ದಿಕ್ಕಿನಲ್ಲಿ ಗೆರೆ ಒಂದು ಮನೆಯ ನಡುವಿನಿಂದ ಮುಂದಿನ ಮನೆಯ ನಡುವಿಗೇ ಹೋಗುತ್ತದೆ, ಅನುಮಾನಕ್ಕೆ ಎಡೆಯಿಲ್ಲ. ನಡುವೆ ಒಂದು ಕಾಲಾಳು ನಿಂತರೆ ನೋಟ ಅಲ್ಲಿಗೇ ನಿಂತಿತು. ಅದು ಸರಿದರೆ ಹಿಂದೆ ಸುಮ್ಮನೆ ಕುಳಿತಿದ್ದ ಒಂಟೆಯ ಕಣ್ಣು ತಟ್ಟನೆ ರಾಜನ ಮೇಲೆ ಬೀಳುತ್ತದೆ. 1848ರಲ್ಲಿ ಜರ್ಮನಿಯ ಮ್ಯಾಕ್ಸ್ ಬೆಜ್ಜೆಲ್ ಎಂಬವರು ಒಂದು ಸಮಸ್ಯೆ ಒಡ್ಡಿದರು: ಅರವತ್ತನಾಲ್ಕು ಮನೆಗಳಲ್ಲಿ ಎಂಟು ಮಂತ್ರಿಗಳನ್ನು ಒಬ್ಬರ ಕಣ್ಣಿಗೆ ಒಬ್ಬರು ಬೀಳದಂತೆ ಕೂರಿಸಬೇಕು. ಇದಕ್ಕೆ 92 ದಾರಿಗಳುಂಟು. ನಮ್ಮ ಸಚಿವ ಸಂಪುಟಗಳನ್ನು ರಚಿಸುವವರಿಗೆ ಇಷ್ಟು ದಾರಿಗಳಿದ್ದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು!

ಇನ್ನು ಕುದುರೆ. ಐದು ಮನೆ ಉದ್ದ, ಐದು ಮನೆ ಅಗಲದ ಮಣೆಯ ನಡುಮನೆಯಲ್ಲಿ ಮಂತ್ರಿಯನ್ನಿಟ್ಟು ನೋಡಿ. ಸುತ್ತಲಿನ 24 ಮನೆಗಳಲ್ಲಿ 16 ಅವನ ನೋಟಕ್ಕೆ ಸಿಕ್ಕುತ್ತವೆ. ಉಳಿದ ಎಂಟೂ ಕುದುರೆಯ ಮನೆಗಳೇ. ಮಂತ್ರಿಯ ಕಣ್ಣು ತಪ್ಪಿಸಿದ ಮನೆಗಳಿಗೆ ಕುದುರೆ ಹಾರುತ್ತದೆ. ಆದ್ದರಿಂದ ಅದಕ್ಕೆ ನೋಟದ ಗೆರೆಯೇ ಬೇಕಿಲ್ಲ.

ಈ ಎಂಟು ಮನೆಗಳ ತಂಟೆ ಒಂದು ಭಾನುವಾರ ನಮ್ಮ ಮನೆಗೆ ಬಂತು. ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳು ಕಂಪ್ಯೂಟರಿನಲ್ಲಿ ಒಂದು ಆಟ ಕಟ್ಟಿದ್ದಳು. ಚೌಕುಳಿಯ ಕೋಟೆ; ಅಲ್ಲಲ್ಲಿ ಗೋಡೆ; ಇಬ್ಬರು ಬಿಲ್ಲುಗಾರರು. ಕಂಡವನನ್ನು ಹೊಡೆಯಬಹುದು, ಕಾಣದವನನ್ನು ಹೊಡೆಯುವಂತಿಲ್ಲ. ಏಳನೆಯ ತರಗತಿಯ ತಮ್ಮನನ್ನು ಎದುರಾಳಿಯಾಗಿ ಕೂರಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಗಲಾಟೆ.

“ಅಪ್ಪಾ, ಅಕ್ಕ ಮೋಸ ಮಾಡಿದಳು! ನನಗೆ ಅವಳು ಕಾಣಿಸಲೇ ಇಲ್ಲ. ಅವಳಿಗೆ ನಾನು ಹೇಗೆ ಕಂಡೆ?”

“ಕಂಪ್ಯೂಟರು ಮೋಸ ಮಾಡುವುದಿಲ್ಲ ಕಣೋ” ಎಂದಳು ಅವಳು.

ಹುಡುಗನ ಕಣ್ಣಲ್ಲಿ ನೀರಿತ್ತು. ಸೋತದ್ದಕ್ಕಲ್ಲ, ಅವನಿಗೆ ಸೋಲು ಹೊಸದೇನಲ್ಲ. ನಾನು ಒಂದು ಗ್ರಾಫ್ ಕಾಗದ ತರಿಸಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೆ.

ಕಂಪ್ಯೂಟರು ನಾವು ಅಡಿಕೋಲು ಇಟ್ಟು ಎಳೆಯುವಂತೆ ಗೆರೆ ಎಳೆಯುವುದಿಲ್ಲ. ಯಾವ ಯಾವ ಮನೆಗಳನ್ನು ತುಳಿದು ಹೋಗಬೇಕೆಂದು ಆರಿಸಿಕೊಳ್ಳುತ್ತದೆ. ಇದಕ್ಕೆ ಹೆಸರಾದ ವಿಧಾನವನ್ನು 1962ರಲ್ಲಿ ರೂಪಿಸಿದವರು ಅಮೆರಿಕದ ಸ್ಯಾನ್ ಹೋಸೆಯಲ್ಲಿ ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಜ್ಯಾಕ್ ಬ್ರೆಸೆನ್‌ಹ್ಯಾಮ್. ಅವರ ಮುಂದಿದ್ದುದು ಆಟವಲ್ಲ. ಲೇಖನಿ ಹಿಡಿದು ಚಿತ್ರ ಬರೆಯುವ ಒಂದು ಯಂತ್ರ. 1965ರಲ್ಲಿ ಆ ವಿಧಾನ ಅಚ್ಚಾಯಿತು. ಅದರ ತಿರುಳು ಬೀದಿಯಂಗಡಿಯ ಕಡದ ಲೆಕ್ಕದಂತಿದೆ. ಮುಂದಕ್ಕೆ ಒಂದೊಂದು ಹೆಜ್ಜೆ ಇಟ್ಟಾಗಲೂ ಪಕ್ಕಕ್ಕೆ ಸರಿಯಬೇಕಾದ ಒಂದಿಷ್ಟು ಬಾಕಿ ಬೀಳುತ್ತದೆ. ಬಾಕಿ ಅರ್ಧ ಮನೆಯಷ್ಟಾದೊಡನೆ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟು, ಒಂದು ಮನೆಯಷ್ಟನ್ನು ಜಮಾ ಬರೆದುಕೊಳ್ಳುವುದು. ಎಲ್ಲವನ್ನೂ ಮೊದಲೇ ಎರಡರಿಂದ ಗುಣಿಸಿಟ್ಟರೆ ಆ ಅರ್ಧವೂ ಉಳಿಯುವುದಿಲ್ಲ. ಕೂಡುವುದು ಕಳೆಯುವುದು ಬಲ್ಲವರಿಗೆ ಸಾಕು.

ನನ್ನ ಮಗಳು ನಂಬಿದ್ದುದು ಈ ವಿಧಾನವನ್ನೇ. ಇಬ್ಬರು ಬಿಲ್ಲುಗಾರರ ನಡುವೆ ಇದ್ದುದು ಕುದುರೆ ನಡೆಯ ಅಂತರ: ಅಕ್ಕನ ಮನೆಯಿಂದ ಎರಡು ಮನೆ ಬಲಕ್ಕೆ, ಒಂದು ಮನೆ ಮೇಲಕ್ಕೆ ತಮ್ಮ. ಬಲಕ್ಕೆ ಒಂದು ಹೆಜ್ಜೆ ಹೋಗುವಷ್ಟರಲ್ಲಿ ಗೆರೆ ಸರಿಯಾಗಿ ಅರ್ಧ ಏರಿರುತ್ತದೆ. ಮೇಲಿನ ಮನೆಗೂ ಕೆಳಗಿನ ಮನೆಗೂ ನಡುವಿನ ಗಡಿಯ ಮೇಲೆಯೇ ನಿಂತಿರುತ್ತದೆ. ಅರ್ಧ ಬಂತೆಂದು ಅಕ್ಕನ ನೋಟ ಪಕ್ಕದ ಹೆಜ್ಜೆ ಇಟ್ಟು ಮೇಲಿನ ಮನೆ ಹೊಕ್ಕಿತು; ಅಲ್ಲಿ ಬಯಲು. ತಮ್ಮನ ನೋಟ ಆ ಕಡೆಯಿಂದ ಹೊರಟಾಗಲೂ ಅರ್ಧವೇ ಬಂತು, ಅದೂ ಪಕ್ಕದ ಹೆಜ್ಜೆ ಇಟ್ಟು ಕೆಳಗಿನ ಮನೆಗೆ ಇಳಿಯಿತು, ಅಲ್ಲಿ ಗೋಡೆ. ಇಬ್ಬರಿಗೂ ಒಂದೇ ನಿಯಮ, ಇಬ್ಬರ ಲೆಕ್ಕವೂ ಸರಿ. ಆದರೂ ಒಬ್ಬಳಿಗೆ ಕಂಡಿತು, ಇನ್ನೊಬ್ಬನಿಗೆ ಕಾಣಲಿಲ್ಲ.

ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ನಮ್ಮ ತಾಯಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. “ವಾಲಿ ಕೇಳಿದ್ದೂ ಇದನ್ನೇ ಅಲ್ಲವೇನೋ?” ಎಂದರು.

ಅದು ನಿಜ. ಮರದ ಮರೆಯಿಂದ ಬಂದ ಬಾಣದ ಬಗ್ಗೆ ವಾಲಿ ಎತ್ತಿದ ಆಕ್ಷೇಪಕ್ಕೆ ಸಮಾಧಾನ ಹೇಳುವುದರಲ್ಲಿ ಎಷ್ಟು ತಲೆಮಾರುಗಳ ಪಂಡಿತರು ಬೆವರಿದ್ದಾರೆ! ಜೈನ ಪರಂಪರೆಯ ರಾಮಕಥೆಗಳಲ್ಲಿ ವಾಲಿ ರಾಜ್ಯ ಬಿಟ್ಟು ದೀಕ್ಷೆ ವಹಿಸುತ್ತಾನೆ. ಮರೆಯ ಬಾಣದ ಕಾಟವೇ ಅಲ್ಲಿಲ್ಲ. ಬಲಶಾಲಿಯ ಕೈಯಲ್ಲಿ ಸಾಯುವುದನ್ನು ನಮ್ಮ ಜನ ಒಪ್ಪಿಕೊಂಡಾರು. ಕಾಣದವನ ಕೈಯಲ್ಲಿ ಸಾಯುವುದನ್ನು ಒಪ್ಪುವುದು ಕಷ್ಟ. ಚದುರಂಗದಲ್ಲಿಯೂ ಕುದುರೆ ಮಂತ್ರಿಯನ್ನು ಹೊಡೆಯುವ ಮನೆಯಿಂದ ಮಂತ್ರಿಗೆ ಕುದುರೆಯನ್ನು ಹೊಡೆಯಲಾಗದು. ಆದರೆ ಅದು ಬಹಿರಂಗದ ನಿಯಮ. ಮಣೆ ಹಾಸುವ ಮೊದಲೇ ಇಬ್ಬರಿಗೂ ಗೊತ್ತು. ಇಲ್ಲಿ ಹಾಗಲ್ಲ. ರಾಮನಿಗಾದರೂ ತಾನು ಮರೆಯಲ್ಲಿದ್ದೇನೆಂದು ಗೊತ್ತಿತ್ತು. ನನ್ನ ಮಗಳಿಗೆ ಅದೂ ಗೊತ್ತಿರಲಿಲ್ಲ.

ಪರಿಹಾರಗಳಿಗೇನೂ ಬರವಿಲ್ಲ. ಯಾರು ನೋಡಿದರೂ ಗೆರೆಯನ್ನು ಒಂದೇ ತುದಿಯಿಂದ, ಎಡಗಡೆಯವನ ಮನೆಯಿಂದ ಎನ್ನೋಣ, ಎಳೆಯಬಹುದು. ಆಗ ಇಬ್ಬರಿಗೂ ಒಂದೇ ಗೆರೆ. ಇಲ್ಲವೇ ಎರಡೂ ತುದಿಗಳಿಂದ ಎಳೆದು, ಎರಡೂ ತೆರವಾಗಿದ್ದರೆ ಮಾತ್ರ ಕಂಡಂತೆ ಎನ್ನಬಹುದು. ಅಥವಾ ಒಂದು ತೆರವಾಗಿದ್ದರೂ ಇಬ್ಬರಿಗೂ ಕಾಣಲಿ ಎನ್ನಬಹುದು. 1980ರ ‘ರೋಗ್’ ಎಂಬ ಹಳೆಯ ಆಟದಲ್ಲಿ ಇಷ್ಟು ರಗಳೆಯೇ ಇರಲಿಲ್ಲವಂತೆ: ಬೆಳಕಿನ ಕೋಣೆಗೆ ಕಾಲಿಟ್ಟರೆ ಇಡೀ ಕೋಣೆ ಕಾಣುತ್ತದೆ, ಕತ್ತಲೆಯ ಕೋಣೆಯಲ್ಲಿ ಅಕ್ಕಪಕ್ಕದ ಮನೆಗಳಷ್ಟೆ.

ಯಾವುದಿರಲಿ ಎಂದು ಮಗಳು ತಮ್ಮನನ್ನೇ ಕೇಳಿದಳು. ಪೆಟ್ಟು ತಿಂದವನು ಅಡಗಿಕೊಳ್ಳಲು ಅನುಕೂಲವಾದುದನ್ನು ಬೇಡುತ್ತಾನೆಂದು ನನ್ನ ಎಣಿಕೆ. ಅವನು ಸ್ವಲ್ಪ ಯೋಚಿಸಿ, “ಇಬ್ಬರಿಗೂ ಕಾಣಲಿ. ಅವಳು ಹೊಡೆದರೆ ನಾನೂ ಹೊಡೀಬಹುದಲ್ಲ” ಎಂದ.

ಅಂದಿನಿಂದ ‘ಅರ್ಧ’ ಎಂಬ ಮಾತು ನನ್ನ ಮನಸ್ಸನ್ನು ಬಿಟ್ಟಿಲ್ಲ. ಉತ್ತರಪತ್ರಿಕೆಗಳನ್ನು ತಿದ್ದುವಾಗ ಮೂವತ್ತನಾಲ್ಕೂವರೆ ಬಂದರೆ ಮೂವತ್ತೈದು ಮಾಡುವುದು ನಮ್ಮ ರೂಢಿ. ಅದರಲ್ಲಿ ತಪ್ಪಿಲ್ಲ, ಆ ಅರ್ಧದಿಂದ ಒಬ್ಬ ದಡ ಸೇರುತ್ತಾನೆ, ಇನ್ನೊಬ್ಬನ ಕೈಯಿಂದ ಏನೂ ಹೋಗುವುದಿಲ್ಲ. ಆದರೆ ಗೆರೆಗೆ ಎರಡು ತುದಿಗಳುಂಟು. ಅಲ್ಲಿ ಈ ತುದಿಯವನಿಗೆ ಕೊಟ್ಟ ಅರ್ಧ ಆ ತುದಿಯವನದು. ಅಣ್ಣತಮ್ಮಂದಿರ ಹಿಸ್ಸೆಯಲ್ಲಿ, ನೆರೆಹೊರೆಯ ಗೋಡೆಯ ತಕರಾರಿನಲ್ಲಿ ಲೆಕ್ಕ ಪೂರ್ಣಾಂಕದಲ್ಲಿ ಎಡವುವುದು ಕಡಿಮೆ. ಎಡವುವುದೆಲ್ಲ ಈ ಗಡಿಯ ಮೇಲಿನ ಅರ್ಧದಲ್ಲಿ. ಒಂದೇ ತುದಿಯಲ್ಲಿ ಕುಳಿತು ಎಷ್ಟು ಎಚ್ಚರದಿಂದ ಲೆಕ್ಕ ಮಾಡಿದರೂ ಅದು ತಿಳಿಯುವುದಿಲ್ಲ. ಎದ್ದು ಆ ತುದಿಗೆ ಹೋಗಿ ಇನ್ನೊಮ್ಮೆ ಎಣಿಸಬೇಕು.

ಮಗಳು ನಾಲ್ಕು ಸಾಲು ಸೇರಿಸಿ ಆಟವನ್ನು ತಿದ್ದಿದಳು. ಮಗ ಈಗಲೂ ಹೆಚ್ಚಿನ ಆಟಗಳಲ್ಲಿ ಸೋಲುತ್ತಾನೆ. ಆದರೆ ಮೋಸ ಎಂಬ ಮಾತು ಮತ್ತೆ ಕೇಳಿಬಂದಿಲ್ಲ.