ಹೂವು ಇಲ್ಲ, ಜಿಗಣೆ ಇದೆ

ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದವನ ಮುಂದೆ ನಿಂತು ‘ಬಾಟನಿ ಪುಸ್ತಕ ಏನಾದರೂ ಇದೆಯೇನಪ್ಪಾ’ ಎಂದು ಕೇಳಿ ನೋಡಿ. ಉತ್ತರ ಒಂದೇ: ‘ಫಸ್ಟ್ ಪಿಯುಸಿನಾ, ಸೆಕೆಂಡ್ ಪಿಯುಸಿನಾ ಸಾರ್?’ ತಲೆಯ ಬಿಳುಪನ್ನು ಗಮನಿಸಿದವನಾದರೆ ‘ಮೊಮ್ಮಗಳಿಗಾ?’ ಎಂದೂ ಸೇರಿಸುತ್ತಾನೆ. ಮೊದಮೊದಲು ‘ಅಲ್ಲಪ್ಪಾ, ನನಗೇ’ ಎಂದು ವಿವರಿಸಲು ಹೋಗುತ್ತಿದ್ದೆ. ಅವರು ನೋಡುತ್ತಿದ್ದ ರೀತಿ ಕಂಡ ಮೇಲೆ ಈಗ ‘ಹೂಂ’ ಅಂದುಬಿಡುತ್ತೇನೆ. ನನಗೆ ಬೇಕಾದದ್ದು ಹೇಗೂ ಸಿಇಟಿ ಗೈಡುಗಳ ರಾಶಿಯ ಅಡಿಯಲ್ಲೇ ಇರುತ್ತದೆ. ಕುಕ್ಕರಗಾಲಿನಲ್ಲಿ ಕೂತು ಅರ್ಧ ಗಂಟೆ ಕೆದಕುವುದಕ್ಕೆ ಒಂದು ನೆಪ ಬೇಕು, ಅಷ್ಟೆ. ಇಲ್ಲದ ಮೊಮ್ಮಗಳು ಈ ಹೊತ್ತಿಗೆ ಏಳೆಂಟು ಸಲ ಪಿಯುಸಿ ಕಟ್ಟಿದ್ದಾಳೆ.

ನಾನು ಓದಿದ್ದು ಕಾಮರ್ಸು. ತುಳಸಿಗೂ ಕಾಮಕಸ್ತೂರಿಗೂ ವ್ಯತ್ಯಾಸ ತಿಳಿದದ್ದೇ ಮದುವೆಯಾದ ಮೇಲೆ, ಅದೂ ಪೂಜೆಗೆ ತಪ್ಪು ಎಲೆ ತಂದುಕೊಟ್ಟು ಬೈಸಿಕೊಂಡು. ಅಂಥವನಿಗೆ ಈ ಹುಚ್ಚು ಹಿಡಿಸಿದವರು ಬಿ.ಜಿ.ಎಲ್. ಸ್ವಾಮಿ. ‘ಹಸುರು ಹೊನ್ನು’ ಬಂದದ್ದು 1976ರಲ್ಲಿ. ಎರಡು ವರ್ಷಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನವೂ ಬಂತು. ನನಗೆ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ರಟ್ಟು ಕಿತ್ತುಹೋಗಿ, ನಡುವೆ ಯಾರೋ ಕಾಫಿ ಲೋಟ ಇಟ್ಟ ದುಂಡನೆಯ ಕಲೆಯ ಸಮೇತ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಅಲೆಯುವ ಕಥೆ. ಗಿಡದ ಚಿತ್ರಗಳನ್ನೂ ಅವರೇ ಬರೆದದ್ದು. ಕಥೆ ಓದಿ ನಕ್ಕವನು ಚಿತ್ರ ನೋಡುತ್ತ ಸುಮ್ಮನಾದೆ. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ. ಆ ಪ್ರತಿ ಓದಲು ಹೋಗಿ ವಾಪಸು ಬರಲಿಲ್ಲ. ಎರಡನೆಯದೂ ಬರಲಿಲ್ಲ. ಈಗಿನದು ಮೂರನೆಯದು. ನೆಂಟರ ಮದುವೆಗಳಲ್ಲಿ ಊಟಕ್ಕೆ ಕೂತಾಗ ಎದುರು ಸಾಲಿನ ಇಬ್ಬರ ಮೇಲೆ ನನಗೆ ಇವತ್ತಿಗೂ ಅನುಮಾನ.

ಹಳೇ ಪುಸ್ತಕದ ಬೆಲೆ ಗೊತ್ತಾಗುವುದು ದಪ್ಪದ ಮೇಲೆ. ಬೆರಳಲ್ಲಿ ಹಿಡಿದು, ಕೈಯಲ್ಲಿ ಒಂದು ಸಲ ತೂಗಿ, ನಮ್ಮ ಮುಖ ನೋಡಿ ಬೆಲೆ ಹೇಳುತ್ತಾರೆ. ಆದ್ದರಿಂದ ಮುಖದಲ್ಲಿ ಏನೂ ಕಾಣಿಸಬಾರದು. ಒಳಗೆ ಎದೆ ಹೊಡೆದುಕೊಳ್ಳುತ್ತಿದ್ದರೂ ಮೊದಲು ಪಕ್ಕದಲ್ಲಿರುವ ಕಾಸ್ಟ್ ಅಕೌಂಟಿಂಗ್ ಪುಸ್ತಕದ ಬೆಲೆ ಕೇಳಬೇಕು. ಗಿಡದ ಪುಸ್ತಕಕ್ಕೆ ಇನ್ನೊಂದು ಅಪಾಯ: ಅವನು ನಡುವೆ ತೆರೆದು ‘ಕಲರ್ ಫೋಟೋ ಇದೆ ಸಾರ್’ ಅಂದನೋ, ಬೆಲೆ ಎರಡು ಪಾಲು. ನನಗೆ ಬೇಕಾದದ್ದು ಕಪ್ಪು ಗೆರೆಯ ಚಿತ್ರ ಎಂದು ಅವನಿಗೆ ಗೊತ್ತಾಗದಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತೇನೆ. ಸೆಸಿಲ್ ಸಲ್ಡಾನಾ ಮತ್ತು ಡ್ಯಾನ್ ನಿಕೋಲ್ಸನ್ ಸೇರಿ ಮಾಡಿದ ಹಾಸನ ಜಿಲ್ಲೆಯ ಸಸ್ಯಗಳ ದೊಡ್ಡ ಪುಸ್ತಕ, 1976ರದ್ದು, ನನಗೆ ದಕ್ಕಿದ್ದು ಹೀಗೆಯೇ. ‘ಹಾಸನ ಅಂತಿದೆ, ಟೂರಿಸ್ಟ್ ಗೈಡ್ ಇರಬೇಕು’ ಎಂದುಕೊಂಡು ಕೊಟ್ಟ. ನಾನು ತಿದ್ದಲಿಲ್ಲ.

ಗೆರೆಯ ಚಿತ್ರ ಯಾಕೆ ಅಂತೀರಾ? ಫೋಟೋ ಇರುವುದು ಒಂದು ಗಿಡದ್ದು, ಒಂದು ದಿನದ್ದು, ಒಂದು ಬಿಸಿಲಿನದ್ದು. ಹುಳ ತಿಂದ ಎಲೆ ಇದ್ದರೆ ಅದೂ ಬರುತ್ತದೆ. ಚಿತ್ರಕಾರ ಹಾಗಲ್ಲ. ಮೊಗ್ಗು, ಅರಳಿದ ಹೂವು, ಬಲಿತ ಕಾಯಿ ಮೂರನ್ನೂ ಒಂದೇ ರೆಂಬೆಯಲ್ಲಿ ಕೂರಿಸುತ್ತಾನೆ. ಬುಡದಲ್ಲಿ ಹೂವನ್ನು ಉದ್ದುದ್ದ ಸೀಳಿ ಅಂಡಾಶಯ ತೋರಿಸುತ್ತಾನೆ, ಪಕ್ಕದಲ್ಲಿ ಒಂದು ಕೇಸರವನ್ನು ಹತ್ತು ಪಟ್ಟು ಹಿಗ್ಗಿಸುತ್ತಾನೆ. ಲೋಕದಲ್ಲಿ ಎಲ್ಲೂ ಇಲ್ಲದ ರೆಂಬೆ ಅದು. ಆದರೂ ಕಾಡಿನಲ್ಲಿ ಗಿಡ ಗುರುತಿಸಲು ಅದೇ ಬೇಕು.

ಬರೆದವರು ಯಾರು ಎಂದು ಹುಡುಕಲು ಹೊರಟರೆ ಅದು ಇನ್ನೊಂದು ದಾರಿ, ನಾನು ಹೆಚ್ಚಾಗಿ ಕಳೆದುಹೋಗುವುದೂ ಅಲ್ಲೇ. ಪುಸ್ತಕದ ರಟ್ಟಿನ ಮೇಲೆ ಇರುವುದು ದೊರೆಗಳ ಹೆಸರು. ಕಂಪನಿ ಸರ್ಕಾರದ ವೈದ್ಯ ರಾಬರ್ಟ್ ವೈಟ್ ಮದರಾಸಿನಲ್ಲಿ 1838ರಿಂದ 1853ರವರೆಗೆ ಆರು ಸಂಪುಟ ಅಚ್ಚು ಹಾಕಿಸಿದ: 2,101 ಚಿತ್ರಗಳು. ಬರೆದವರು ರಂಗಯ್ಯ ಮತ್ತು ಅವನ ನಂತರ ಬಂದ ಗೋವಿಂದು. ವೈಟ್ ಕೃತಘ್ನನಲ್ಲ. ಪುಟದ ಮೂಲೆಯಲ್ಲಿ ಅವರ ಹೆಸರು ಹಾಕಿಸಿದ. ಒಂದು ಆರ್ಕಿಡ್ ಕುಲಕ್ಕೆ ‘ಗೋವಿಂದೂಯಿಯ’ ಎಂದೇ ಹೆಸರಿಟ್ಟ. ನಮ್ಮ ಗೋವಿಂದ ಒಬ್ಬ ಲ್ಯಾಟಿನ್ ಆಗಿದ್ದಾನೆಂದು ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಆ ರಾತ್ರಿ ಮನೆಯಲ್ಲಿ ಎಲ್ಲರಿಗೂ ಹೇಳಿದೆ. ಮುಂದೆ ಪಂಡಿತರು ಪರಿಶೀಲಿಸಿ, ಇದು ಬೇರೆ ಕುಲವಲ್ಲ, ಮೊದಲೇ ಹೆಸರಿದ್ದ ಟ್ರೋಪಿಡಿಯವೇ ಎಂದು ತೀರ್ಮಾನಿಸಿ ಗೋವಿಂದುವನ್ನು ಅಡಿಟಿಪ್ಪಣಿಗೆ ಇಳಿಸಿದ್ದಾರೆ. ಶಾಸ್ತ್ರದ ಪ್ರಕಾರ ಸರಿ. ನನಗೆ ಮಾತ್ರ ಟ್ರೋಪಿಡಿಯದ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ.

ಶಿವಮೊಗ್ಗದಲ್ಲಿ ಇಷ್ಟೂ ಉಳಿಯಲಿಲ್ಲ. 1840ರ ದಶಕದಲ್ಲಿ ಅಲ್ಲಿದ್ದ ವೈದ್ಯ ಹ್ಯೂ ಕ್ಲೆಗಾರ್ನ್ (ಮುಂದೆ ಮದರಾಸಿನ ಅರಣ್ಯಾಧಿಕಾರಿಯಾದವನು) ದಿನಕ್ಕೊಂದು ಗಿಡ ತರಿಸಿ ಚಿತ್ರ ಬರೆಸುತ್ತಿದ್ದ. ಬರೆದವನು ‘ಒಬ್ಬ ಮರಾಠಿ ಚಿತ್ರಕಾರ’. ಅಷ್ಟೇ. ತುಂಗೆಯ ದಡದ ಗಿಡಗಳು ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಕಾಗದದ ಮೇಲೆ ಹಸಿರಾಗಿವೆ. ಹೆನ್ರಿ ನೋಲ್ಟಿ ಎಂಬ ವಿದ್ವಾಂಸರು ಇವರೆಲ್ಲರ ಬಗ್ಗೆ ದಪ್ಪ ದಪ್ಪ ಪುಸ್ತಕ ಬರೆದು ರಂಗಯ್ಯ ಗೋವಿಂದು ಹೆಸರನ್ನು ರಟ್ಟಿನ ಮೇಲೇ ತಂದರು. ಆ ಪುಸ್ತಕಗಳು ಸೆಕೆಂಡ್ ಹ್ಯಾಂಡ್ ಆಗುವಷ್ಟು ಹಳತಾಗುವುದನ್ನು ಕಾಯುತ್ತಿದ್ದೇನೆ. ಹೊಸದಕ್ಕೆ ಪೆನ್ಷನ್ನು ಸಾಲದು.

ಚಿತ್ರದ ಪುಸ್ತಕ ಕೊಳ್ಳುವಾಗ ಮೊದಲು ಮಾಡಬೇಕಾದದ್ದು ಚಿತ್ರ ಎಣಿಸುವುದು. ನೂರಿರಬೇಕಾದ ಕಡೆ ಎಂಬತ್ತೇಳು ಇರುತ್ತವೆ. ಹುಳು ತಿಂದರೆ ತೂತು ಕಾಣುತ್ತದೆ, ಮನುಷ್ಯ ತಿಂದದ್ದು ಕಾಣುವುದಿಲ್ಲ: ಬ್ಲೇಡಿನಲ್ಲಿ ಹೊಲಿಗೆಯ ಪಕ್ಕಕ್ಕೇ ನೀಟಾಗಿ ಕುಯ್ದು ತೆಗೆದಿರುತ್ತಾರೆ. ಚಿತ್ರ ಹೋಗಿ, ಅದರ ಮುಂದೆ ಇದ್ದ ಬಟರ್ ಪೇಪರ್ ಮಾತ್ರ ಉಳಿದು, ಅದರ ಮೇಲೆ ಎಲೆಯ ಕಂದು ನೆರಳು ಅಚ್ಚೊತ್ತಿರುವುದನ್ನು ಒಮ್ಮೆ ನೋಡಿದ್ದೇನೆ. ಹೀಗೆ ಹೋದ ಚಿತ್ರಗಳು ಎಲ್ಲಿಗೆ ಹೋಗುತ್ತವೆ ಎಂದು ತಿಳಿದದ್ದು ಒಂದು ಗೃಹಪ್ರವೇಶದಲ್ಲಿ. ಸೋಫಾದ ಮೇಲೆ ಚಿನ್ನದ ಕಟ್ಟು ಹಾಕಿಸಿ ಸಾಲಾಗಿ ನಾಲ್ಕು ತೂಗುಹಾಕಿದ್ದರು. ಒಂದರ ಮೇಲ್ತುದಿಯಲ್ಲಿ ಪುಟಸಂಖ್ಯೆ ಅಳಿಸದೆ ಹಾಗೇ ಇತ್ತು. ‘ಆ್ಯಂಟಿಕ್’ ಎಂದರು ಯಜಮಾನರು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಎರಡು ತಿಂದೆ. ನನ್ನ ಬೀರುವಿನಲ್ಲೂ ಅಂಥ ಬಿಡಿ ಹಾಳೆ ಎರಡಿವೆ, ಎಲ್ಲಿಂದ ಬಂದವು ಎಂದು ನಾನೂ ಕೇಳಿರಲಿಲ್ಲ.

ಇನ್ನು ಗ್ಯಾಂಬಲ್. ಮದರಾಸು ಪ್ರೆಸಿಡೆನ್ಸಿಯ ಸಸ್ಯಗಳ ಮೇಲೆ ಜೆ.ಎಸ್. ಗ್ಯಾಂಬಲ್ 1915ರಲ್ಲಿ ಶುರುಮಾಡಿ, ಅವನು ತೀರಿಕೊಂಡ ಮೇಲೆ ಫಿಷರ್ ಮುಗಿಸಿದ ಗ್ರಂಥ. ಒಂದೇ ಒಂದು ಚಿತ್ರ ಇಲ್ಲ. ಚಿತ್ರದ ಹುಚ್ಚನಿಗೆ ಇದು ಯಾಕೆ ಎಂದು ನೀವು ಕೇಳಬಹುದು, ನಮ್ಮ ಮನೆಯಾಕೆಯೂ ಕೇಳಿದಳು. ಮೊದಲನೆಯ ಕಾರಣ, ಕನ್ನಡ ನಾಡಿನ ಎಷ್ಟೋ ಗಿಡಗಳು ಆಗ ಎರಡು ಪ್ರೆಸಿಡೆನ್ಸಿಗಳಿಗೆ ಹಂಚಿಹೋಗಿದ್ದವು. ಕಾರವಾರ, ಧಾರವಾಡದ್ದು ಬೇಕೆಂದರೆ ಕುಕ್ ಬರೆದ ಬೊಂಬಾಯಿ ಗ್ರಂಥ ನೋಡಬೇಕು; ಮಂಗಳೂರು, ಉಡುಪಿಯದಕ್ಕೆ ಗ್ಯಾಂಬಲ್. ಭಟ್ಕಳದ ಹಲಸಿಗೂ ಬೈಂದೂರಿನ ಹಲಸಿಗೂ ಬೇರೆ ಬೇರೆ ಪುಸ್ತಕ. ಕುಕ್ ನನ್ನ ಬಳಿ ಇತ್ತು, ಇದು ಇರಲಿಲ್ಲ. ಎರಡನೆಯ ಕಾರಣವೇ ನಿಜವಾದದ್ದು. ನನಗೆ ಸಿಕ್ಕ 1957ರ ಮರುಮುದ್ರಣದ ಮೊದಲ ಸಂಪುಟದ ಅಂಚಿನ ತುಂಬ ಪೆನ್ಸಿಲ್ಲಿನಲ್ಲಿ ಕನ್ನಡ.

ಹೆಸರಿಲ್ಲ. ಮೇಷ್ಟ್ರೋ ಫಾರೆಸ್ಟಿನವರೋ ಗೊತ್ತಿಲ್ಲ. ಅಕ್ಷರ ಸಣ್ಣದು, ದುಂಡು, ಒತ್ತಿ ಬರೆದದ್ದಲ್ಲ. ಕಂಡ ಗಿಡದ ಪಕ್ಕ ಊರು, ತಾರೀಖು, ಒಂದು ಮಾತು. ‘ಕಾಯಿ ಕಹಿ, ಉಗುಳಿದೆ.’ ‘ಸಾಗರದಲ್ಲಿ ಬೇರೆ ಹೆಸರು.’ ಕಾಣದ್ದರ ಪಕ್ಕ ಏನೂ ಇಲ್ಲ. ಓಕ್ರೊಕಾರ್ಪಸ್ ಲಾಂಗಿಫೋಲಿಯಸ್ ಎಂಬುದರ ಎದುರಿಗೆ ಹೀಗಿತ್ತು: ‘ಸುರಗಿ. ತೀರ್ಥಹಳ್ಳಿ, 14-8-61. ಹೂವು ಇಲ್ಲ, ಜಿಗಣೆ ಇದೆ. ದಳ ನಾಲ್ಕೇ?’

ಮಳೆಗಾಲದಲ್ಲಿ ಸುರಗಿ ಹೂವು ಹುಡುಕಿಕೊಂಡು ಹೋದರೆ ಜಿಗಣೆಯೇ ಸಿಗುವುದು. ಅದು ಅರಳುವುದು ಶಿವರಾತ್ರಿಯ ಆಸುಪಾಸಿಗೆ, ಎಲೆ ಉದುರಿದ ಹಳೆಯ ಕೊಂಬೆಗಳ ಮೇಲೆ ಗೊಂಚಲು ಗೊಂಚಲು. ಒಣಗಿದ ಮೇಲೂ ಪರಿಮಳ ಬಿಡದ ಹೂವು, ಅನಂತಮೂರ್ತಿಯವರು ಆತ್ಮಕಥೆಗೆ ಇಟ್ಟುಕೊಂಡ ಹೆಸರು. ಈ ಹೆಸರಿಗೂ ಗೋವಿಂದುವಿನಂಥದೇ ಒಂದು ಕಥೆ ಇದೆ. ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಬುಕಾನನ್ ಈ ಮರಕ್ಕೆ ಜನ ಕರೆಯುವ ಹೆಸರನ್ನೇ ಹಿಡಿದು ‘ಸುರಿಗ’ ಎಂದು ಇಟ್ಟಿದ್ದ. ಗ್ಯಾಂಬಲ್ ಕಾಲಕ್ಕೆ ಅದು ಹೋಗಿ ‘ಉದ್ದೆಲೆ’ ಎಂಬರ್ಥದ ಲಾಂಗಿಫೋಲಿಯಸ್ ಬಂದಿತ್ತು. ಆಮೇಲೆ ಹಳೆಯದಕ್ಕೇ ಹಕ್ಕು ಎಂದಾಗಿ, ಈಗಿನ ಹೆಸರು ಮಮ್ಮಿಯಾ ಸುರಿಗ. ಗೋವಿಂದುವನ್ನು ಇಳಿಸಿದ ನಿಯಮವೇ ಸುರಗಿಯನ್ನು ಮೇಲೆ ಕೂರಿಸಿದೆ.

ಕಳೆದ ಮಾರ್ಚಿನಲ್ಲಿ ನನ್ನ ಹೆಂಡತಿಯ ದೊಡ್ಡಮ್ಮ ತೀರ್ಥಹಳ್ಳಿ ಕಡೆಯಿಂದ ಬಂದವರು ಚೀಲದಿಂದ ಒಣಗಿದ ಸುರಗಿ ಮಾಲೆ ತೆಗೆದು ಇವಳ ಕೈಗಿಟ್ಟರು. ಇವಳು ಕನ್ನಡಿಯ ಮುಂದೆ ಹೋಗುವ ಮೊದಲೇ ನಾನು ಮೂರು ಮೊಗ್ಗು ಕಿತ್ತುಕೊಂಡೆ. ಒಣಹೂವನ್ನು ಬಿಸಿನೀರಿನಲ್ಲಿ ಹಾಕಿದರೆ ಬಿಚ್ಚಿಕೊಳ್ಳುತ್ತದೆ ಎಂದು ಎಲ್ಲೋ ಓದಿದ್ದೆ. ಕಾಫಿ ಬೆರೆಸುವ ಪಾತ್ರೆಯಲ್ಲಿ ನೀರಿಟ್ಟೆ. ದೊಡ್ಡಮ್ಮ ಅಡುಗೆಮನೆಗೆ ಬಂದು ಇಣುಕಿ, ‘ಇದೆಂತದೇ, ಮುಡ್ಕೊಳ್ಳಲಿ ಅಂತ ತಂದ ಹೂವನ್ನ ನಿಮ್ಮನೆಯವರು ಕುದಿಸ್ತಾ ಇದಾರಲ್ಲೇ!’ ಅಂದರು. ‘ಪುಸ್ತಕದ ಕೆಲಸ ಇರಬೇಕು ದೊಡ್ಡಮ್ಮ, ಬಿಡಿ’ ಎಂದಳು ಇವಳು ಒಳಗಿನಿಂದ.

ಮೊದಲನೆಯ ಮೊಗ್ಗು ಸೂಜಿ ತಾಗಿ ಚಿಂದಿಯಾಯಿತು. ಎರಡನೆಯದು ಬಿಚ್ಚಿತು: ಹೊರಗಿನ ಕವಚ ಎರಡು ಹೋಳು, ಒಳಗೆ ಎಣಿಸಲಾರದಷ್ಟು ಕೇಸರ, ನಡುವೆ ದಳ. ಭೂತಗನ್ನಡಿಯಲ್ಲಿ ಎರಡು ಸಲ ಎಣಿಸಿದೆ. ಮೂರನೆಯ ಮೊಗ್ಗಿನಲ್ಲೂ ಅಷ್ಟೇ ಇದ್ದವು. ಗ್ಯಾಂಬಲ್ ತೆಗೆದು, ಆ ದುಂಡಕ್ಷರದ ಕೆಳಗೆ ನನ್ನ ಬ್ಯಾಂಕಿನ ಅಕ್ಷರದಲ್ಲಿ ಪೆನ್ಸಿಲ್ಲಿನಲ್ಲೇ ‘ಹೌದು, ನಾಲ್ಕು’ ಎಂದು ಬರೆದು ತಾರೀಖು ಹಾಕಿದೆ. ಊರಿನ ಜಾಗದಲ್ಲಿ ‘ಅಡುಗೆಮನೆ’ ಎಂದು ಬರೆಯಬೇಕಾಯಿತು.