ಮಾಂಡೌಸ್‌ಗಿಂತ ಮುಂಚೆ ಮನೆಗೆ

ಚಂಡಮಾರುತವೆಂದರೆ ಬೆಂಗಳೂರಿನ ಕತ್ರಿಗುಪ್ಪೆಯ ನಮಗೆ ಟೀವಿಯಲ್ಲಿ ಕಾಣುವ ಸಂಗತಿ. ಅದು ಬೆನ್ನಿಗೇ ಬಿದ್ದು ಬಂದದ್ದು 2022ರ ಡಿಸೆಂಬರ್ 9, ಶುಕ್ರವಾರ. ಅಮ್ಮನನ್ನು ನೋಡಲು ನಾನೂ ನನ್ನ ಹೆಂಡತಿಯೂ ಚೆನ್ನೈ ಹೊರವಲಯದ ಮುಡಿಚೂರಿಗೆ, ತಂಗಿಯ ಮನೆಗೆ ಹೋಗಿದ್ದೆವು. ಮಾಂಡೌಸ್ ಅಂದು ನಡುರಾತ್ರಿಯ ಹೊತ್ತಿಗೆ ಮಾಮಲ್ಲಪುರದ ಹತ್ತಿರ ದಡಕ್ಕೆ ಅಪ್ಪಳಿಸುತ್ತದೆ ಎಂದು ಹವಾಮಾನ ಇಲಾಖೆ ಹೇಳಿತ್ತು.

“ಅಣ್ಣ, ಅಮ್ಮನ್ನ ಕರ್ಕೊಂಡು ಈಗಲೇ ಹೊರಟುಬಿಡು” ಅಂದಳು ತಂಗಿ. 2015ರ ಡಿಸೆಂಬರ್‌ನಲ್ಲಿ ಅಡ್ಯಾರು ನದಿ ಉಕ್ಕಿ ಮುಡಿಚೂರಿಗೆ ನುಗ್ಗಿದಾಗ ಅವರೆಲ್ಲ ರಾತ್ರಿಯಿಡೀ ಮಹಡಿಯಲ್ಲಿ ಕೂತು ಬೆಳಗು ಮಾಡಿದ್ದರು. ಮಂಡಿನೋವಿನ ಅಮ್ಮನನ್ನು ಈಗ ಕತ್ತಲಲ್ಲಿ ಮೆಟ್ಟಿಲು ಹತ್ತಿಸುವುದು ಆಗದ ಮಾತು.

“ನೀನೂ ಬಾರೇ” ಅಂದಳು ಅಮ್ಮ. ಭಾವನಿಗೆ ಕರೆಂಟ್ ಇಲಾಖೆಯಲ್ಲಿ ಕೆಲಸ. ಗಾಳಿಮಳೆ ಬಂದರೆ ಎಲ್ಲರೂ ಮನೆ ಸೇರುತ್ತಾರೆ, ಅವರು ಮನೆಯಿಂದ ಹೊರಡುತ್ತಾರೆ. “ಅವರು ನಡುರಾತ್ರಿ ನೆನೆದು ಬಂದಾಗ ಮನೇಲಿ ಯಾರೂ ಇರಲ್ಲ ಅಂದ್ರೆ ಹೇಗಮ್ಮ?” ಅಂದಳು ತಂಗಿ. ಅದಕ್ಕೆ ಅಮ್ಮನ ಬಳಿ ಉತ್ತರವಿರಲಿಲ್ಲ.

ವಂಡಲೂರು, ಒರಗಡಂ ದಾಟಿ ಶ್ರೀಪೆರಂಬದೂರಿನಲ್ಲಿ ಹೆದ್ದಾರಿ ಹಿಡಿದೆವು. ಮಳೆ ಜೋರೇನೂ ಇರಲಿಲ್ಲ, ಗಾಳಿಯದೇ ಭಯ. ಮುಂದಿನ ಲಾರಿಯೊಂದರ ಟಾರ್ಪಾಲಿನ ಹಗ್ಗ ಕಿತ್ತು, ತುದಿ ರಪರಪ ಬಡಿದುಕೊಳ್ಳುತ್ತಿತ್ತು. ಡ್ರೈವರ್ ಪಕ್ಕಕ್ಕೆ ಹಾಕಿ, ಮೇಲೆ ಹತ್ತಿ, ಮಂಡಿಯೂರಿ ಆ ತುದಿಯನ್ನು ಎದೆಗವಚಿಕೊಂಡು ಬಿಗಿಯುತ್ತಿದ್ದ. ಕೆಳಗೆ ಕ್ಲೀನರ್ ಹುಡುಗ ಹಗ್ಗಕ್ಕೆ ಜೋತುಬಿದ್ದಿದ್ದ. ಅಮ್ಮ ತಿರುತಿರುಗಿ ನೋಡಿದಳು. ಅವಳು ನೋಡುತ್ತಿದ್ದುದು ಲಾರಿಯನ್ನಲ್ಲ, ಹಿಂದಿನ ಕಪ್ಪು ಆಕಾಶವನ್ನು.

ನನಗಾದರೂ ಧೈರ್ಯವೆಲ್ಲಿತ್ತು? ಮನೆಯೊಳಗೆ ನೀರು ಬರುವುದೆಂದರೆ ಏನೆಂದು 2020ರ ಅಕ್ಟೋಬರ್‌ನಲ್ಲಿ ನಮ್ಮ ಪಕ್ಕದ ಹೊಸಕೆರೆಹಳ್ಳಿಯಲ್ಲೇ ಕಂಡಿದ್ದೆ. ರಾಜಕಾಲುವೆ ಉಕ್ಕಿ ದತ್ತಾತ್ರೇಯ ನಗರದ ಮನೆಗಳಿಗೆ ನುಗ್ಗಿತ್ತು. ಮರುದಿನ ಹೆಂಗಸೊಬ್ಬರು ಬಾಗಿಲಲ್ಲಿ ನಿಂತು ಅಕ್ಕಿ ಡಬ್ಬವನ್ನು ಬೋರಲು ಹಾಕಿದರು. ಕೆಸರಿನ ಮುದ್ದೆಯೇ ಬಿತ್ತು. ಅದು ನಿಮಿಷಗಳಲ್ಲಿ ಬಂದ ನೀರು, ಯಾರಿಗೂ ಸುಳಿವೇ ಇರಲಿಲ್ಲ. ಇಲ್ಲಿ ದಿನಗಳ ಮುಂಚೆಯೇ ಎಚ್ಚರಿಕೆ ಕೊಟ್ಟಿದ್ದರು. ಹೊರಡಬಲ್ಲವರಿಗಷ್ಟೇ ಅದರ ಪೂರ್ತಿ ಉಪಯೋಗ ಎಂಬುದು ಸ್ಟೀರಿಂಗ್ ಹಿಡಿದ ನನ್ನನ್ನು ಕೊರೆಯುತ್ತಿತ್ತು.

ವೆಲ್ಲೂರು, ಆಂಬೂರು, ಕೃಷ್ಣಗಿರಿ. ಎಲ್ಲೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೊಸೂರಿಗೆ ಬರುವಾಗ ಗಾಳಿ ತಗ್ಗಿ, ಚಳಿ ಹಿಡಿದುಕೊಂಡಿತ್ತು. ಹೆಂಡತಿ ತನ್ನ ಶಾಲು ಬಿಚ್ಚಿ ಅಮ್ಮನ ಕಾಲಿಗೆ ಸುತ್ತಿದಳು. ಸಿಲ್ಕ್‌ಬೋರ್ಡ್‌ನಲ್ಲಿ ಎಂದಿನ ಟ್ರಾಫಿಕ್. ಕದಿರೇನಹಳ್ಳಿ ಅಂಡರ್‌ಪಾಸ್ ದಾಟಿ, ದೇವೇಗೌಡ ಪೆಟ್ರೋಲ್ ಬಂಕ್ ಕಳೆದು ಕತ್ರಿಗುಪ್ಪೆ ಸಿಗ್ನಲ್ ಬರುವಷ್ಟರಲ್ಲಿ ಜಿಟಿಜಿಟಿ ಶುರುವಾಗಿತ್ತು.

ಆ ರಾತ್ರಿ ಯಾರಿಗೂ ನಿದ್ದೆಯಿಲ್ಲ. ತಂಗಿಯ ಫೋನ್ ಸ್ವಿಚ್ ಆಫ್. ದಡ ದಾಟಿದ ಮೇಲೆ ಬಿರುಗಾಳಿಗೆ ಕಡಲಿನ ಶಾಖ, ತೇವ ಸಿಗದೆ ಅದು ಸೊರಗುತ್ತದೆ ಎಂದು ಅಮ್ಮನಿಗೆ ವಿವರಿಸಿದೆ. “ಸೊರಗೋದು ಆಮೇಲೆ ತಾನೇ? ದಡದಲ್ಲಿರೋರ ಗತಿ?” ಅಂದಳು.

ಶನಿವಾರ ಬೆಳಗಾದ ಮೇಲೆ ಪಕ್ಕದ ಮನೆಯವರ ಫೋನಿನಿಂದ ತಂಗಿ ಮಾತಾಡಿದಳು. ಚೆನ್ನೈನಲ್ಲಿ ನೂರಾರು ಮರ ಉರುಳಿದ್ದವು. ಅವರ ಮನೆಯೊಳಗೆ ನೀರು ಬಂದಿರಲಿಲ್ಲ. ಭಾವ ಇನ್ನೂ ಡ್ಯೂಟಿಯಲ್ಲೇ ಇದ್ದರು. ಹಿತ್ತಲ ನುಗ್ಗೆಮರ ಮುರಿದು ಕಾಂಪೌಂಡಿನ ಮೇಲೆ ಬಿದ್ದಿತ್ತು, ಅಷ್ಟೆ.

ಅಮ್ಮ ಫೋನ್ ಕಿತ್ತುಕೊಂಡಳು. “ಕೊಂಬೆ ಎಸೀಬೇಡ್ವೇ. ಒಳ್ಳೆ ದಪ್ಪದ್ದು ನೋಡಿ ನೆಟ್ಟುಬಿಡು, ಚಿಗುರುತ್ತೆ. ಸೊಪ್ಪು ಬಿಡಿಸಿ ಅಕ್ಕಪಕ್ಕದೋರಿಗೂ ಕೊಡು. ಆಮೇಲೆ, ಅವರು ಊಟ ಮಾಡಿದ್ರಂತಾ?”