ಮೂರು ಸೆಂಟಿಮೀಟರ್ ಟೇಪು

ಹೋದ ಮಳೆಗಾಲದಲ್ಲಿ ಅಟ್ಟ ಸೋರುತ್ತಿದೆ ಎಂದು ಅಮ್ಮ ಫೋನು ಮಾಡಿದಾಗ ನಾನು ಆ ರಾತ್ರಿಯೇ ತೀರ್ಥಹಳ್ಳಿ ಬಸ್ಸು ಹತ್ತಿದೆ. ಅಟ್ಟದ ಮೇಲಿನ ಪ್ರೀತಿಯಿಂದಲ್ಲ, ಬೆಂಗಳೂರಿನಿಂದ ತಪ್ಪಿಸಿಕೊಂಡರೆ ಸಾಕಾಗಿತ್ತು. ಪಿಎಚ್‌ಡಿಯ ಐದನೇ ವರ್ಷ. ಕೊಳವೆಗಳಲ್ಲಿ ದ್ರವ ಹರಿಯುವ ಬಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಪತ್ರಿಕೆಯೊಂದಕ್ಕೆ ಕಳಿಸಿದ ಲೇಖನ ಎರಡನೇ ಸಲ ವಾಪಸು ಬಂದಿತ್ತು. ಪರಿಶೀಲಕರು ಕೇಳಿದ್ದು ಒಂದೇ ಪ್ರಶ್ನೆ. ನೀವು ತೋರಿಸಿರುವ ಈ ಏರಿಳಿತ ಇರುವುದು ದ್ರವದಲ್ಲೋ, ನಿಮ್ಮ ಸಾಫ್ಟ್‌ವೇರಿನಲ್ಲೋ?

ನನಗೆ ಗೊತ್ತಿರಲಿಲ್ಲ. ಆ ಸಾಫ್ಟ್‌ವೇರು ಬರೆದವರು ಯಾರೋ. ನಾನು ಒಂದು ಕಡೆಯಿಂದ ಅಂಕಿ ಹಾಕುತ್ತೇನೆ, ಇನ್ನೊಂದು ಕಡೆಯಿಂದ ಬಣ್ಣದ ಚಿತ್ರ ಬರುತ್ತದೆ. ಗಿರಣಿಗೆ ಅಕ್ಕಿ ಹಾಕಿ ಹಿಟ್ಟು ಹಿಡಿದಂತೆ. ಒಳಗೆ ಕಲ್ಲು ಹೇಗೆ ತಿರುಗುತ್ತದೆ ಎಂದು ಐದು ವರ್ಷದಲ್ಲಿ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಅಟ್ಟದಲ್ಲಿ ಒದ್ದೆಯಾಗಿದ್ದ ಟ್ರಂಕು ಖಾಲಿ ಮಾಡುವಾಗ ಒಂದು ಕ್ಯಾಸೆಟ್ ಸಿಕ್ಕಿತು. ಲೇಬಲ್ಲಿನ ಮೇಲೆ ಅಪ್ಪನ ಗುಂಡು ಅಕ್ಷರ: ‘ಅಕ್ಷರ-3’. ಭಾವಗೀತೆ ಇರಬೇಕೆಂದು ಪಡಸಾಲೆಯ ಟೇಪ್ ರೆಕಾರ್ಡರಿಗೆ ಹಾಕಿದೆ. ಹಾಡಿನ ಬದಲು ಕಿವಿ ಕೊರೆಯುವ ಒಂದು ಸಿಳ್ಳೆ, ಆಮೇಲೆ ಸೀರುಂಡೆ ಕೂಗಿದಂತೆ ಕರಕರ ಸದ್ದು. ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳಿದರು, “ಆಫ್ ಮಾಡು. ಅದು ಹಾಡಲ್ಲ, ಪ್ರೋಗ್ರಾಮು.”

ನನಗೆ ಇಪ್ಪತ್ತೆಂಟು ವರ್ಷ. ಅಪ್ಪ ಒಂದು ಕಾಲದಲ್ಲಿ ಪ್ರೋಗ್ರಾಮು ಬರೆಯುತ್ತಿದ್ದರು ಎಂದು ಗೊತ್ತಾದದ್ದು ಅವತ್ತು. ಹೈಸ್ಕೂಲಿನ ಗಣಿತದ ಮೇಷ್ಟ್ರಾಗಿ ನಿವೃತ್ತರಾದ ಅವರು ಮನೆಗೆ ಕಂಪ್ಯೂಟರ್ ತರಲು ಒಪ್ಪಿದವರೇ ಅಲ್ಲ. ನಾನು ಪಿಯುಸಿಯಲ್ಲಿದ್ದಾಗ ಅಮ್ಮನೇ ಚೀಟಿ ಎತ್ತಿ ಕೊಡಿಸಿದ್ದಳು. ಈ ವಿಷಯದಲ್ಲಿ ಅವರು ಹಳೇ ಕಾಲದವರು ಎಂದು ನಾವು ಸುಮ್ಮನಾಗಿದ್ದೆವು.

ಕಥೆಯನ್ನು ಹೇಳಿದ್ದು ಅಮ್ಮ, ಅಡುಗೆಮನೆಯಲ್ಲಿ, ಮೆಲುದನಿಯಲ್ಲಿ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆ ಶುರು ಮಾಡಿ, ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಎಂಬ ಕಂಪ್ಯೂಟರುಗಳನ್ನು ಕೊಟ್ಟಿತು. ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರಲ್ಲಿ, ಬ್ರಿಟನ್ನಿನ ಬಿಬಿಸಿಯ ಕಂಪ್ಯೂಟರ್ ಸಾಕ್ಷರತಾ ಕಾರ್ಯಕ್ರಮಕ್ಕಾಗಿ ಮಾಡಿದ ಯಂತ್ರ ಅದು. ಅಪ್ಪ ಆಗ ಬೇರೆ ಜಿಲ್ಲೆಯ ಒಂದು ಶಾಲೆಯಲ್ಲಿದ್ದರು. ತರಬೇತಿಗೆ ಹೋಗಿ ಬಂದರು. ಸಂಜೆ ಹೊತ್ತು ಹುಡುಗರನ್ನು ಕೂರಿಸಿಕೊಂಡು ಕಲಿಸಿದರು. ಒಂದು ದಿನ ಒಂದು ಯಂತ್ರದಿಂದ ಹೊಗೆ ಬಂತು. ಊರಿನ ವೋಲ್ಟೇಜು ದೀಪಾವಳಿಯ ಪಟಾಕಿಯಂತೆ ಏರಿಳಿಯುತ್ತಿತ್ತು, ಆದರೂ ಮೆಮೊ ಬಂದದ್ದು ಅಪ್ಪನಿಗೆ. ಅನುಮತಿಯಿಲ್ಲದ ಹೊತ್ತಿನಲ್ಲಿ ಮಕ್ಕಳಿಗೆ ಮುಟ್ಟಲು ಕೊಟ್ಟದ್ದು ಯಾಕೆ, ಲಿಖಿತ ಉತ್ತರ ಕೊಡಿ. ಕೋಣೆಗೆ ಬೀಗ ಬಿತ್ತು. ಅಪ್ಪ ವರ್ಗ ಮಾಡಿಸಿಕೊಂಡು ಬಂದರು.

“ಒಂದು, ಎರಡು ಅಂತ ಬರೆದ ಕ್ಯಾಸೆಟ್ಟೂ ಇತ್ತಲ್ಲ?” ಎಂದೆ. ಅಮ್ಮ ಹಿತ್ತಿಲ ಕಡೆ ನೋಡಿದಳು. ಗದ್ದೆಗೆ ಹಕ್ಕಿ ಬರದಂತೆ ಕೋಲಿನಿಂದ ಕೋಲಿಗೆ ಟೇಪು ಬಿಗಿಯುತ್ತಿದ್ದೆವಲ್ಲ, ಗಾಳಿಗೆ ಗುಂಯ್ ಎನ್ನುತ್ತಿತ್ತಲ್ಲ, ಆ ಟೇಪು. ಕ್ಯಾಸೆಟ್ಟಿನಿಂದ ಅದನ್ನು ಎಳೆದೆಳೆದು ಕೊಡುವ ಕೆಲಸ ನನ್ನದಾಗಿತ್ತು. ಖುಷಿಯಿಂದ ಮಾಡುತ್ತಿದ್ದೆ.

ಮೂರನೆಯದನ್ನು ಬ್ಯಾಗಿನಲ್ಲಿಟ್ಟುಕೊಂಡು ಬೆಂಗಳೂರಿಗೆ ಬಂದೆ. ಟೇಪಿನಲ್ಲಿರುವುದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಇಂಟರ್ನೆಟ್ಟಿನಲ್ಲಿ ಸಿಗುವ ಯಾವುದೋ ಎಮ್ಯುಲೇಟರಿನಲ್ಲಿ ಓಡಿಸಬಹುದಿತ್ತು. ಎಮ್ಯುಲೇಟರ್ ಎಂದರೆ ಒಂದು ಯಂತ್ರ ಇನ್ನೊಂದು ಯಂತ್ರದ ವೇಷ ಹಾಕುವುದು. ಹಳೆಯ ಪ್ರೋಗ್ರಾಮಿಗೆ ತಾನು ಓಡುತ್ತಿರುವುದು ಬೇರೆ ಕಡೆ ಎಂಬ ಅನುಮಾನವೇ ಬರಬಾರದು. ಆದರೆ ಬೇರೆಯವರು ಬರೆದದ್ದಕ್ಕೆ ಮತ್ತೆ ಅಂಕಿ ಹಾಕಿ ಚಿತ್ರ ನೋಡುವುದು ನನಗೆ ಬೇಡವಾಗಿತ್ತು. ನಾನೇ ಮಾಡುತ್ತೇನೆ ಎಂದುಕೊಂಡೆ. ಥೀಸಿಸ್ಸಿನಿಂದ ತಪ್ಪಿಸಿಕೊಳ್ಳಲು ಒಂದು ನೆಪವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಎಸ್.ಪಿ. ರಸ್ತೆಗೆ ಹೋಗಿ ಒಂದು ರಾಸ್ಪ್‌ಬೆರಿ ಪೈ ಪಿಕೊ ಬೋರ್ಡು, ತೂತುಗಳ ಪಿಸಿಬಿ, ಒಂದು ಹಿಡಿ ರೆಸಿಸ್ಟರು, ಮಾನಿಟರಿಗೆ ಸಾಕೆಟ್ಟು, ಗುಜರಿಯಿಂದ ಒಂದು ಕೀಬೋರ್ಡು ತಂದೆ. ಪಿಕೊ ಬೆರಳುದ್ದದ ಹಲಗೆ. ಅದರ ಚಿಪ್ಪಿನ ನೆನಪು 264 ಕಿಲೊಬೈಟ್, ಬಡಿತ ಸೆಕೆಂಡಿಗೆ 13 ಕೋಟಿ 30 ಲಕ್ಷ. ಬಿಬಿಸಿ ಮೈಕ್ರೊದ ನೆನಪು 32 ಕಿಲೊಬೈಟ್, ಬಡಿತ 20 ಲಕ್ಷ. ಅಂದರೆ ಹಳೆಯ ಯಂತ್ರ ಒಮ್ಮೆ ಉಸಿರಾಡುವಷ್ಟರಲ್ಲಿ ನನ್ನದು 66 ಸಲ ಉಸಿರಾಡಬಹುದು. ಅಷ್ಟರೊಳಗೆ ನಟನೆ ಮುಗಿಸಬೇಕು.

ಪಿಕೊದ ಒಳಗಿರುವುದು ಆರ್ಮ್ ವಂಶದ ಪ್ರೊಸೆಸರು. ನಮ್ಮೆಲ್ಲರ ಫೋನಿನಲ್ಲಿರುವುದೂ ಅದೇ ವಂಶದ್ದು. ಮೊದಲ ಆರ್ಮ್ ಚಿಪ್ಪನ್ನು 1985ರಲ್ಲಿ ಮಾಡಿದವರು ಇದೇ ಏಕಾರ್ನ್‌ನವರು. ಚಿಪ್ಪು ಕೈಗೆ ಬರುವ ಮೊದಲೇ ಸೋಫಿ ವಿಲ್ಸನ್ ಅದರ ಆಜ್ಞೆಗಳನ್ನು ಬಿಬಿಸಿ ಬೇಸಿಕ್‌ನಲ್ಲಿ ಪ್ರೋಗ್ರಾಮು ಬರೆದು ಪರೀಕ್ಷಿಸಿದ್ದರು. ಹುಟ್ಟುವ ಮೊದಲು ಆರ್ಮ್ ತನ್ನ ಹಿರಿಯರ ಮನೆಯಲ್ಲಿ ವೇಷವಾಗಿ ಇತ್ತು. ಈಗ ಮೊಮ್ಮಗು ಅಜ್ಜಿಯ ಸೀರೆ ಉಟ್ಟು ನಿಲ್ಲಬೇಕಿತ್ತು, ಅಷ್ಟೆ.

ಬಿಬಿಸಿ ಮೈಕ್ರೊದ ಪ್ರೊಸೆಸರು 6502. ಅದಕ್ಕೆ ಗೊತ್ತಿರುವುದು 56 ಆಜ್ಞೆ. ಬೇರೆ ಬೇರೆ ರೀತಿಯಲ್ಲಿ ಹೇಳುವ ಬಗೆಗಳನ್ನೂ ಸೇರಿಸಿದರೆ 151. ಒಂದು ಉದ್ದನೆಯ ಪುಸ್ತಕದಲ್ಲಿ 151 ಸಾಲು ಗೆರೆ ಹೊಡೆದು, ಒಂದೊಂದು ಬರೆದು ಮುಗಿದಾಗ ಟಿಕ್ ಹಾಕಿದೆ. ಹಾಸ್ಟೆಲಿನಲ್ಲಿ ರಾತ್ರಿ ಹತ್ತರಿಂದ ಎರಡರವರೆಗೆ, ಸುಮಾರು ಎರಡೂವರೆ ತಿಂಗಳು. ಈ ಚಿಪ್ಪಿನಲ್ಲಿ ಹೆಸರುವಾಸಿಯಾದ ಒಂದು ತಪ್ಪಿದೆ. ನೆನಪನ್ನು 256 ಬೈಟಿನ ಪುಟಗಳೆಂದು ಎಣಿಸಿದರೆ, ‘ಎಲ್ಲಿಗೆ ಜಿಗಿಯಬೇಕು ಎಂಬುದು ಇಲ್ಲಿ ಬರೆದಿದೆ, ನೋಡಿಕೊಂಡು ಜಿಗಿ’ ಎಂಬ ಆಜ್ಞೆಯ ವಿಳಾಸ ಪುಟದ ಕೊನೆಯ ಮನೆಯಲ್ಲಿ ಶುರುವಾದರೆ, ಅದರ ಉಳಿದರ್ಧವನ್ನು ಚಿಪ್ಪು ಮುಂದಿನ ಪುಟದಲ್ಲಿ ಓದುವುದಿಲ್ಲ, ಅದೇ ಪುಟದ ಮೊದಲಿಗೆ ಹೋಗಿ ಓದುತ್ತದೆ. ನಾನು ಅದನ್ನು ಸರಿಯಾಗಿ ಬರೆದಿದ್ದೆ, ಅಂದರೆ ತಪ್ಪಾಗಿ ಬರೆದಿದ್ದೆ. ಪರೀಕ್ಷೆಯ ಪ್ರೋಗ್ರಾಮು ಒಪ್ಪಲಿಲ್ಲ. ತಪ್ಪನ್ನು ತಪ್ಪಾಗಿಯೇ ಬರೆದ ಮೇಲೆ ಒಪ್ಪಿತು. ಒಂದು ಯಂತ್ರವನ್ನು ತಿಳಿಯುವುದೆಂದರೆ ಅದು ಎಲ್ಲಿ ಎಡವುತ್ತದೆ ಎಂದು ತಿಳಿಯುವುದು ಎಂದು ಆ ರಾತ್ರಿ ಅನ್ನಿಸಿತು. ನನ್ನ ಕೊಳವೆಯ ಸಾಫ್ಟ್‌ವೇರು ಎಲ್ಲಿ ಎಡವುತ್ತದೆ ಎಂದು ನಾನು ಯಾವತ್ತೂ ಹುಡುಕಿರಲಿಲ್ಲ.

ಆಮೇಲೆ ಟೇಪು. ಬಿಬಿಸಿ ಮೈಕ್ರೊ ತನ್ನ ಸೊನ್ನೆ ಒಂದುಗಳನ್ನು ಸದ್ದಾಗಿ ಬರೆಯುತ್ತಿತ್ತು. ಸೊನ್ನೆ ಎಂದರೆ 1200 ಹರ್ಟ್ಸ್‌ನ ಒಂದು ಅಲೆ, ಒಂದು ಎಂದರೆ 2400 ಹರ್ಟ್ಸ್‌ನ ಎರಡು ಅಲೆ. ಸೆಕೆಂಡಿಗೆ 1200 ಬಿಟ್. ಸೀರುಂಡೆಯ ಸದ್ದು ಅದೇ. ಲ್ಯಾಪ್‌ಟಾಪಿನಲ್ಲಿ ರೆಕಾರ್ಡು ಮಾಡಿ, ಅಲೆಗಳನ್ನು ಎಣಿಸುವ ಪ್ರೋಗ್ರಾಮು ಬರೆದೆ. ಊರಿನ ಟೇಪ್ ರೆಕಾರ್ಡರಿನ ಬೆಲ್ಟು ಸಡಿಲಾಗಿ ಎಲ್ಲ ಸದ್ದೂ ತುಸು ತಗ್ಗಿತ್ತು. ಶುರುವಿನ ಸಿಳ್ಳೆ 2400 ಇರಬೇಕು ಎಂಬುದು ಗೊತ್ತಿದ್ದರಿಂದ ಅದನ್ನೇ ಅಳತೆಗೋಲು ಮಾಡಿ ಉಳಿದದ್ದನ್ನು ಸರಿಪಡಿಸಿದೆ. 256 ಬೈಟಿಗೆ ಒಂದರಂತೆ ಕಟ್ಟುಗಳು. ಪ್ರತಿ ಕಟ್ಟಿನ ಕೊನೆಗೆ ತಾಳೆ ನೋಡಲು ಎರಡು ಬೈಟು.

ಮೊದಲ ಕಟ್ಟು ತಾಳೆಯಾಯಿತು. ಮೂರನೆಯದೂ ಆಯಿತು. ನಡುವಿನದು ಆಗಲಿಲ್ಲ. ನನ್ನ ಯಂತ್ರದ ಪರದೆಯ ಮೇಲೆ ‘ಡೇಟಾ?’ ಎಂದು ಬಂತು, ಕೆಳಗೆ ‘ರಿವೈಂಡ್ ಟೇಪ್’. ನಲವತ್ತು ವರ್ಷದ ಹಿಂದೆ ಅಪ್ಪನ ಮುಂದೆ ಬಂದಿರಬಹುದಾದ ಅದೇ ಮಾತು. ಹತ್ತು ಸಲ ರಿವೈಂಡ್ ಮಾಡಿದೆ. ಕ್ಯಾಸೆಟ್ಟು ಬಿಚ್ಚಿ ನೋಡಿದಾಗ ಟೇಪು ಒಂದು ಕಡೆ ಮಡಚಿ ಸುಕ್ಕಾಗಿ, ಕಂದು ಪುಡಿ ಉದುರಿತ್ತು. ಸುಮಾರು ಮೂರು ಸೆಂಟಿಮೀಟರು. ಸದ್ದಿನ ಲೆಕ್ಕದಲ್ಲಿ ಒಂದು ಸೆಕೆಂಡೂ ಇಲ್ಲ. ಪ್ರೋಗ್ರಾಮಿನ ಲೆಕ್ಕದಲ್ಲಿ ಎರಡು ಸಾಲು. ಸಾಲಿನ ಸಂಖ್ಯೆಗಳು 10, 20, 30 ಎಂದು ಬಂದು 90ರ ಬಳಿಕ ನೇರ 120ಕ್ಕೆ ಹಾರುತ್ತಿದ್ದವು.

ಉಳಿದ ಸಾಲುಗಳು ಏನು ಎಂದು ನೋಡಿದಾಗ ಕುತ್ತಿಗೆಯ ಹಿಂದೆ ಬಿಸಿಯಾಯಿತು. ಬಿಬಿಸಿ ಮೈಕ್ರೊದಲ್ಲಿ ನಮಗೆ ಬೇಕಾದ ಅಕ್ಷರವನ್ನು ನಾವೇ ಮಾಡಿಕೊಳ್ಳಬಹುದು. ಎಂಟು ಅಡ್ಡ, ಎಂಟು ಉದ್ದ, 64 ಚುಕ್ಕೆಯ ಚೌಕ. ‘ವಿಡಿಯು 23’ ಎಂದು ಬರೆದು, ಅಕ್ಷರದ ಸಂಖ್ಯೆ ಹಾಕಿ, ಆಮೇಲೆ ಸಾಲಿಗೊಂದರಂತೆ ಎಂಟು ಅಂಕಿ. 224ರಿಂದ 255ರವರೆಗೆ ಒಟ್ಟು 32 ಚೌಕ ಸುಲಭವಾಗಿ ಸಿಗುತ್ತವೆ. ಇಂಗ್ಲಿಷಿನ ಒಂದು ಅಕ್ಷರ ಒಂದು ಚೌಕದಲ್ಲಿ ಕೂರುತ್ತದೆ. ಕನ್ನಡದ ಅಕ್ಷರ ಕೂರುವುದಿಲ್ಲ. ಅಪ್ಪ ಪಕ್ಕಪಕ್ಕದ ಎರಡು ಚೌಕಕ್ಕೆ ಒಂದು ಅಕ್ಷರ ಎಂದು ಮಾಡಿದ್ದರು. ಮುರಿದ ಸಾಲುಗಳನ್ನು ತೆಗೆದು, ಉಳಿದದ್ದನ್ನು ಹೊಲಿದು ಓಡಿಸಿದೆ. ಕಪ್ಪು ಪರದೆಯ ಮೇಲೆ ದಪ್ಪ ಚುಕ್ಕೆಗಳಲ್ಲಿ ಮೂಡಿತು:

ಇದು ಕನಡ

ದೀಪಾವಳಿಗೆ ಊರಿಗೆ ಹೋದಾಗ ಪಿಸಿಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದೆ. ಪಡಸಾಲೆಯ ಟೀವಿಗೆ ಸಿಕ್ಕಿಸಿ, ಅಪ್ಪನಿಗೆ ಏನೂ ಹೇಳದೆ ಸ್ವಿಚ್ಚು ಒತ್ತಿದೆ. ಪುಟ್ಟ ‘ಟಿಣ್’ ಎಂದಿತು. ‘ಬಿಬಿಸಿ ಕಂಪ್ಯೂಟರ್ 32 ಕೆ’ ಎಂದು ಪರದೆಯಲ್ಲಿ ಬಂತು.

ಅಪ್ಪ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಅವರು ಆಡಿದ ಮೊದಲ ಮಾತು, “ಸದ್ದು ಸರಿ ಇಲ್ಲ. ಮೊದಲು ದಪ್ಪ ದನಿಯಲ್ಲಿ ಒಂದು ‘ಬೂ’ ಬರಬೇಕು. ಆಮೇಲೆ ಈ ಟಿಣ್.”

ಅವರು ಹೇಳಿದ್ದು ಸರಿ. ಕರೆಂಟು ಬಂದ ಕೂಡಲೇ ಆ ಯಂತ್ರದ ಧ್ವನಿ ಚಿಪ್ಪು ಯಾರೂ ಹೇಳದೆಯೇ ಕೂಗಲು ಶುರು ಮಾಡುತ್ತದೆ. ಪ್ರೊಸೆಸರು ಎಚ್ಚರಾಗಿ ಬಂದು ಅದರ ಬಾಯಿ ಮುಚ್ಚಿಸುವವರೆಗೆ ಬರುವ ಸದ್ದು ಅದು. ನಾನು ನನ್ನ ಚಿಪ್ಪನ್ನು ಮೌನವಾಗಿ ಹುಟ್ಟುವಂತೆ ಬರೆದಿದ್ದೆ. 151 ಟಿಕ್ ಹಾಕಿದ ನನ್ನ ಪುಸ್ತಕದಲ್ಲಿ ಇಲ್ಲದ ಆ ಸದ್ದು ಬೀಗ ಬಿದ್ದ ಕೋಣೆಯಿಂದ ಹೊರಬಂದ ಒಬ್ಬ ಮೇಷ್ಟ್ರ ಕಿವಿಯಲ್ಲಿ ಉಳಿದಿತ್ತು.

ಪ್ರೋಗ್ರಾಮು ಓಡಿಸಿದೆ. ಅಪ್ಪ ಪರದೆಯ ಹತ್ತಿರ ಬಗ್ಗಿದರು. “ನ ಒತ್ತು ಎಲ್ಲಿ?”

ಟೇಪಿನ ಕಥೆ ಹೇಳಿದೆ. 100 ಮತ್ತು 110ನೇ ಸಾಲುಗಳು ಹೋಗಿವೆ, ನಿಮಗೇನಾದರೂ ನೆನಪಿದೆಯೇ ಎಂದೆ. ಹದಿನಾರು ಅಂಕಿಗಳು. ಕೇಳುವಾಗಲೇ ಪೆದ್ದುತನ ಅನ್ನಿಸಿತು.

“ನೆನಪಿಲ್ಲ” ಎಂದರು. “ಅದನ್ನ ಯಾಕೆ ನೆನಪಿಟ್ಟುಕೋಬೇಕು? ಮತ್ತೆ ಮಾಡಿದರಾಯ್ತು.”

ಹಾಲಿನ ಲೆಕ್ಕ ಬರೆಯುವ ಚೌಕಳಿ ಪುಸ್ತಕದಿಂದ ಒಂದು ಹಾಳೆ ಹರಿದರು. ಎಂಟು ಮನೆಗೆ ಗೆರೆ ಎಳೆದರು, ಪಕ್ಕದಲ್ಲಿ ಇನ್ನೆಂಟು. ಮೇಲೆ ಎಡದಿಂದ 128, 64, 32, 16, 8, 4, 2, 1 ಎಂದು ಬರೆದರು. ಪೆನ್ಸಿಲಿನಲ್ಲಿ ಮನೆ ತುಂಬುತ್ತ, ಅಳಿಸುತ್ತ, ಕಣ್ಣು ಕಿರಿದು ಮಾಡಿ ದೂರದಿಂದ ನೋಡುತ್ತ ಅರ್ಧ ಗಂಟೆ ಕಳೆದರು. ಆಮೇಲೆ ಒಂದೊಂದೇ ಸಾಲು ಬಾಯಲ್ಲೇ ಕೂಡಿಸಿದರು. “ನಡುವೆ ನಾಲ್ಕು ಮನೆ. ಮೂವತ್ತೆರಡು, ಹದಿನಾರು, ಎಂಟು, ನಾಲ್ಕು. ಅರವತ್ತು. ಬರಕೋ.” ನಾನು ಬರೆದುಕೊಂಡೆ. ಅಂಕಿಗಳನ್ನು ಟೈಪು ಮಾಡುವಾಗ ಮಾತ್ರ ನನ್ನನ್ನು ಸರಿಸಿ ಅವರೇ ಕೂತರು. ಒಂದು ಬೆರಳಿನಲ್ಲಿ, ಕೀಲಿ ಹುಡುಕದೆ.

ಒತ್ತು ಬಂತು, ತುಸು ಎಡಕ್ಕೆ ವಾಲಿಕೊಂಡು. ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದು ನೋಡಿ, “ಇಷ್ಟಕ್ಕಾ ಮೆಮೊ ಕೊಟ್ಟಿದ್ದು?” ಎಂದಳು. ಅಪ್ಪ ನಗಲೂ ಇಲ್ಲ, ಉತ್ತರ ಕೊಡಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಮಕ್ಕಳು ಪರದೇಲಿ ಬರೀ ಇಂಗ್ಲಿಷೇ ನೋಡ್ತಿದ್ವು. ಇದೂ ಬರುತ್ತೆ ಅಂತ ತೋರಿಸ್ಬೇಕಿತ್ತು. ಮಾರನೇ ದಿನ ತೋರಿಸೋಣ ಅಂತಿದ್ದೆ” ಎಂದರು. ಆ ಮಾರನೇ ದಿನ ಬೀಗ ಬಿದ್ದಿತ್ತು.

ಬೆಂಗಳೂರಿಗೆ ಮರಳಿದ ಮೇಲೆ ಕೊಳವೆಯ ಲೆಕ್ಕ ಮಾಡುವ ಸಣ್ಣ ಪ್ರೋಗ್ರಾಮೊಂದನ್ನು ಮೊದಲಿನಿಂದ ನಾನೇ ಬರೆದೆ. ನಿಧಾನ, ಒರಟು. ಆದರೆ ಪ್ರತಿ ಸಾಲೂ ಗೊತ್ತು. ಲೇಖನದಲ್ಲಿ ತೋರಿಸಿದ್ದ ಮೂರು ಏರಿಳಿತಗಳಲ್ಲಿ ಎರಡು ಮಾಯವಾದವು. ಅವು ದ್ರವದಲ್ಲಿ ಇರಲಿಲ್ಲ. ಒಂದು ಉಳಿಯಿತು. ಅಧ್ಯಾಯ ಅರ್ಧಕ್ಕಿಳಿಯಿತು, ವಿದ್ಯಾರ್ಥಿವೇತನ ಮುಗಿಯುವ ಹೊತ್ತಿಗೆ ಥೀಸಿಸ್ಸು ಮುಗಿಯುವುದಿಲ್ಲ. ಮಾರ್ಗದರ್ಶಕರಿಗೆ ಹಾಗೆಯೇ ಹೇಳಿದ್ದೇನೆ.

ಅಷ್ಟರಲ್ಲಿ ಇನ್ನೊಂದು ಕೆಲಸವೂ ಬಾಕಿ ಇತ್ತು. ದೀಪಾವಳಿಯ ಆ ಸಂಜೆ ಒತ್ತು ಸೇರಿಸಿದ ಮೇಲೆ ಅಪ್ಪ ಪ್ರೋಗ್ರಾಮನ್ನು ಉಳಿಸಲು ‘ಸೇವ್’ ಎಂದು ಒತ್ತಿದ್ದರು. ‘ರೆಕಾರ್ಡ್ ದೆನ್ ರಿಟರ್ನ್’ ಎಂದು ಪರದೆಯಲ್ಲಿ ಬಂತು. ಅವರು ಎದ್ದು ಹೋಗಿ ಟೇಪ್ ರೆಕಾರ್ಡರು ತಂದರು, ಒಂದು ಕ್ಯಾಸೆಟ್ಟನ್ನೂ ಹುಡುಕಿ ತಂದರು. ನಾನು ಓದುವುದನ್ನಷ್ಟೇ ಮಾಡಿದ್ದೆ. ವಯರು ಸಿಕ್ಕಿಸಲು ಜಾಗವೇ ಇರಲಿಲ್ಲ.

“ಇದಕ್ಕೆ ಬರೆಯೋಕೆ ಬರಲ್ವಾ?” ಎಂದು ಕೇಳಿದ್ದರು.

ಹೋದ ವಾರ ಅದೂ ಆಯಿತು. ಪಿಸಿಬಿಯ ಅಂಚಿನಲ್ಲಿ ಹೊಸ ಸಾಕೆಟ್ಟು, ಎರಡು ರೆಸಿಸ್ಟರು, ಒಂದು ಕೆಪಾಸಿಟರು. ಶುರುವಿನ ‘ಬೂ’ ಕೂಡ ಈಗ ಬರುತ್ತದೆ. ಕ್ಯಾಸೆಟ್ಟನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಲೇಬಲ್ಲು ಖಾಲಿ ಬಿಟ್ಟಿದ್ದೇನೆ, ‘ಅಕ್ಷರ-4’ ಎಂದು ಅಪ್ಪನೇ ಬರೆಯಲಿ ಎಂದು.